ಸಿಟ್ಟಿನವಳ ಕೈಗೊಂದು ಏರ್ ರೈಫಲ್

ಅಂಗಡಿಯವನು ಬಂದೂಕನ್ನು ನನ್ನ ಗಂಡನ ಕೈಗೆ ಕೊಟ್ಟ!

ಕೊಳ್ಳುವವಳು ನಾನು. ಜಪಾನಿ ಭಾಷೆಯಲ್ಲಿ ಪರೀಕ್ಷೆ ಬರೆದು ಪಾಸಾದವಳು ನಾನು. ಮಂಜು ಬಂದದ್ದು ಬರೀ ಕಾರು ಓಡಿಸಲು. ಕೌಂಟರಿನ ಪ್ಲಾಸ್ಟಿಕ್ ಪರದೆಯ ಸಂದಿಯಿಂದ ಬಂದ ರೈಫಲನ್ನು ಅವನು ಹಸುಗೂಸಿನ ಹಾಗೆ ಎತ್ತಿಕೊಂಡು ನಿಂತ.

"ಸುಮಿಮಾಸೆನ್, ಕ್ಷಮಿಸಿ, ಹೊಡೆಯುವವಳು ನಾನು" ಎಂದೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಅರ್ಧ ಸಿಟ್ಟು ಅದರೊಳಗೇ ಉಳಿಯಿತು.

ಯಾಕಮ್ಮಾ ಬಂದೂಕು ಅನ್ನುತ್ತೀರಾ? ಹೇಳುತ್ತೇನೆ.

ಜಪಾನಿನ ಕಾಶಿವಾ ಊರಿನ ನಮ್ಮ ಲ್ಯಾಬ್ ಅರ್ಧಕ್ಕರ್ಧ ಮುಚ್ಚಿದ್ದ ಆ ಕೊರೋನಾ ದಿನಗಳಲ್ಲಿ ನನಗೆ ಹುಚ್ಚು ಹಿಡಿಯದಂತೆ ಕಾಪಾಡಿದ್ದು ಹಯಾಶಿ ಸಾನ್ ಎಂಬ ಅಜ್ಜಿಯ ತರಕಾರಿ ಹೊಲ. ಊರಾಚೆ, ಹೊಳೆಯ ದಂಡೆಯಲ್ಲಿ. ಅಜ್ಜಿ ಒಬ್ಬರೇ ಉಳುವವರು, ನಾನು ಶನಿವಾರದ ಕೂಲಿಯಾಳು. ಕೂಲಿ ಬ್ರೊಕೊಲಿ.

ಚಳಿ ಶುರುವಾದರೆ ಹಿಯೊದೊರಿ ಎಂಬ ಬೂದು ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಬಲೆ ಹಾಕಿದರೆ ಅಡಿಯಿಂದ ನುಗ್ಗುತ್ತವೆ. ಮಿನುಗುವ ಟೇಪು ಕಟ್ಟಿದರೆ ಅದರ ಬೆಳಕಿನಲ್ಲೇ ಕೂತು ತಿನ್ನುತ್ತವೆ!

"ಈ ಸಲವೂ ಹೀಗೇ ತಿಂದು ಹೋದರೆ ಹೊಲ ಬಿಟ್ಟುಬಿಡುತ್ತೇನೆ" ಎಂದರು ಹಯಾಶಿ ಸಾನ್. ಅತ್ತು ಹೇಳಿದ್ದಲ್ಲ, ಕುಡುಗೋಲು ಒರೆಸುತ್ತಾ ಹೇಳಿದ್ದು. ಅದಕ್ಕೇ ನನಗೆ ಭಯವಾಯಿತು.

ಬೇಟೆಯ ಕಾಲದಲ್ಲಿ ಈ ಹಕ್ಕಿಯನ್ನು ಹೊಡೆಯಲು ಇಲ್ಲಿ ಕಾನೂನಿನ ಒಪ್ಪಿಗೆಯಿದೆ. ಲೈಸೆನ್ಸ್ ಬೇಕು, ಅಷ್ಟೆ.

ನಾನು ಹುಟ್ಟಿದ ಊರಿನಲ್ಲಿ ಕೋವಿ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯ ಮುಂದೆ ಹಾಯುವಾಗ ನಮ್ಮಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು. ಹಾಗಾಗಿ "ಹೆಂಗಸಿಗೆ ಯಾಕೆ ಬಂದೂಕು" ಎನ್ನುವವರಿಗೆ ನನ್ನ ಹತ್ತಿರ ಉದ್ದನೆಯ ಉತ್ತರವೊಂದಿದೆ... ಇವತ್ತು ಬೇಡ, ಬಿಡಿ.

ನಾನು ಮೊದಲು ಕೇಳಿದ್ದು ಪಾಯಿಂಟ್ ಟೂ ಟೂ ರೈಫಲ್. ಅಂಗಡಿಯವನು ನಕ್ಕ. ಬೇಟೆಗೆ ಮದ್ದು ಸಿಡಿಯುವ ರೈಫಲ್ ಬೇಕಾದರೆ ವರ್ಷಗಟ್ಟಲೆ ಶಾಟ್‌ಗನ್ ಇಟ್ಟುಕೊಂಡು ಮರ್ಯಾದೆಯಿಂದ ಬಾಳಿರಬೇಕಂತೆ. ನನ್ನಂಥ ಹೊಸಬರಿಗೆ ಏರ್ ರೈಫಲ್.

ಸರಿಯಪ್ಪಾ, ಗಾಳಿಯಾದರೂ ಕೊಡು.

"ಹೆಂಗಸರಿಗೆ ಇದು" ಎಂದು ನಾಲ್ಕೂವರೆ ಮಿಲಿಮೀಟರಿನ ಹಗುರವಾದದ್ದೊಂದನ್ನು ಮುಂದಿಟ್ಟ. ರೇಂಜ್‌ನಲ್ಲಿ ನಿಂತು ಕಾಗದಕ್ಕೆ ತೂತು ಹೊಡೆಯಲು ಅದು ಚಂದವೇ. ಆದರೆ ಹೊಳೆದಂಡೆಯಲ್ಲಿ ಗಾಳಿ ಬೀಸುತ್ತದೆ. ಆ ಪುಟ್ಟ ಗುಂಡು ತಗುಲಿದ ಹಕ್ಕಿ ಸಾಯದೆ ಹಾರಿಹೋಗಿ ಎಲ್ಲೋ ಬಿದ್ದು ನರಳಬಾರದು. ಕೊಲ್ಲುವುದಾದರೆ ಒಂದೇ ಏಟು. ಅರ್ಧ ಕೊಂದು ಬಿಡುವುದು ಆ ಕೋವಿಮನೆಯವರ ಚಾಳಿ.

ಐದೂವರೆ ಮಿಲಿಮೀಟರಿನದನ್ನು ಎತ್ತಿ ಭುಜಕ್ಕಿಟ್ಟೆ. ಗಾಳಿಯನ್ನು ಮೊದಲೇ ತುಂಬಿಟ್ಟುಕೊಳ್ಳುವ ಜಾತಿ, ಹೊಡೆದಾಗ ಒದೆಯುವುದಿಲ್ಲ. ಹಿಡಿ ನನ್ನ ಗಿಡ್ಡ ತೋಳಿಗೆ ಸರಿಯಾಗಿ ಕೂತಿತು.

"ಭಾಗ್ಯಾ, ವೆಯ್ಟ್ ಜಾಸ್ತಿ ಆಗಲ್ವೇನೇ?" ಎಂದ ಮಂಜು.

"ನಾವು ಬಂದ ದಿನ ಲಿಫ್ಟ್ ಇಲ್ಲದ ಮನೆಗೆ ನಿನ್ನ ಸೂಟ್‌ಕೇಸ್ ಹೊತ್ತಿದ್ದು ಯಾರೋ?"

ಮಂಜು ಕಾರಿನ ಕೀ ತಿರುಗಿಸತೊಡಗಿದ.

ಆಯ್ಕೆಗೆ ಇಷ್ಟು ತಲೆಕೆಡಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಪರವಾನಗಿ ಕೊಡುವುದು ಒಂದೊಂದು ಬಂದೂಕಿಗೇ. ತಪ್ಪಾದದ್ದನ್ನು ಆರಿಸಿಕೊಂಡರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಹಕ್ಕಿಗಳ ಊಟ ಮುಗಿದಿರುತ್ತದೆ.

ಆಮೇಲೆ ಪೊಲೀಸರ ವಿಚಾರಣೆ. ಮನೆಗೇ ಬಂದರು, ಬೂಟು ಬಿಚ್ಚಿಟ್ಟು, ಬಗ್ಗಿ ನಮಸ್ಕರಿಸಿ. ಲಾಠಿಯ ಜೊತೆ ಬರುವ ಪೊಲೀಸರನ್ನಷ್ಟೇ ಕಂಡ ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಿಮ್ಮ ಪತ್ನಿಗೆ ಸಿಟ್ಟು ಬರುತ್ತದೆಯೇ?" ಎಂದು ಮಂಜುವನ್ನು ಕೇಳಿದರು.

ಮಂಜು ನನ್ನನ್ನು ನೋಡಿದ. ಫ್ರಿಜ್ಜನ್ನು ನೋಡಿದ.

"ಬರುತ್ತದೆ... ಆದರೆ ವಿಷಯ ಇದ್ದಾಗ ಮಾತ್ರ."

ಕರ್ಮ! ನನಗೆ ವಿಷಯ ಇಲ್ಲದ ದಿನ ಯಾವುದು? ಪೊಲೀಸರು ಅದನ್ನೂ ಬರೆದುಕೊಂಡರು.

ಹೋಗುವಾಗ "ಅಕ್ಕಪಕ್ಕದವರನ್ನೂ ಕೇಳುತ್ತೇವೆ" ಎಂದರು. ಕೆಳಗಿನ ಮನೆಯಲ್ಲಿ ಓನೋ ಸಾನ್ ಇದ್ದಾರೆ, ಒಂಟಿ ಮುದುಕರು. ಗೋಡೆ, ನೆಲ ಎಲ್ಲ ಹಪ್ಪಳದಷ್ಟು ತೆಳು. ಬೀದಿಗಿಳಿಯುವಂತಿಲ್ಲದ ಆ ಕಾಲದಲ್ಲಿ ನಮ್ಮೂರ ಸಂಘಟನೆಯ ಸಭೆ ಪ್ರತಿ ಭಾನುವಾರ ಝೂಮ್‌ನಲ್ಲಿ. ಕೊನೆಗೆ ಎಲ್ಲರೂ ಎದ್ದುನಿಂತು ಮುಷ್ಟಿ ಎತ್ತಿ, "ಬೇಕೇ ಬೇಕು, ನ್ಯಾಯ ಬೇಕು!" ನನ್ನ ಗಂಟಲು ಮ್ಯೂಟ್ ಬಟನ್ನಿಗೆ ಬಗ್ಗುವಂಥದ್ದಲ್ಲ.

ಮೊದಲ ಸಭೆಗೆ ಮುಂಚೆಯೇ ಓನೋ ಸಾನ್ ಅವರಿಗೊಂದು ಮಾತು ಹೇಳಿದ್ದೆ, ನಿಜ. ರಿಪೇರಿ ಕೆಲಸವೋ ಮತ್ತೇನೋ ಗಲಾಟೆ ಆಗುವುದಿದ್ದರೆ ಇಲ್ಲಿಯವರು ಸಿಹಿಯ ಡಬ್ಬ ಹಿಡಿದು ನೆರೆಮನೆಗಳಿಗೆ ಮೊದಲೇ ಹೋಗಿ ತಿಳಿಸುತ್ತಾರೆ. ನೋಟಿಸ್ ಕೊಡದೆ ಧರಣಿ ಕೂರಬಾರದು ಎಂದು ನಮ್ಮ ಸಂಘಟನೆಯೂ ಕಲಿಸಿತ್ತು. ನಾನು ಎರಡನ್ನೂ ಕೂಡಿಸಿ ಮೈಸೂರು ಪಾಕ್ ಕೊಟ್ಟು ಹೇಳಿದ್ದೆ: "ಭಾನುವಾರ ಸಂಜೆ ಐದರವರೆಗೆ ಸ್ವಲ್ಪ ಕೂಗುತ್ತೇನೆ. ಯಾರ ಮೇಲೂ ಅಲ್ಲ, ಸರ್ಕಾರದ ಮೇಲೆ. ಕ್ಷಮಿಸಬೇಕು." ಅವರು ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಿಲು ಹಾಕಿದ್ದರು.

ಆಮೇಲೊಂದು ದಿನ ಟಪಾಲು ಪೆಟ್ಟಿಗೆಗಳ ಹತ್ತಿರ ಸಿಕ್ಕರು.

"ಪೊಲೀಸರು ಬಂದಿದ್ದರು. ಮೇಲಿನ ಮನೆಯಿಂದ ಕೂಗಾಟ ಕೇಳುತ್ತದೆಯೇ ಎಂದರು."

"ನೀವೇನಂದಿರಿ?"

"ಕೇಳುತ್ತದೆ ಎಂದೆ. ಚೆನ್ನಾಗಿ ಕೇಳುತ್ತದೆ."

ಮುಗಿಯಿತು. ರೈಫಲ್ ಹೋಯಿತು. ಬ್ರೊಕೊಲಿ ಹೋಯಿತು. ಹಯಾಶಿ ಸಾನ್ ಹೊಲವೂ ಹೋಯಿತು ಎಂದುಕೊಂಡೆ.

ಓನೋ ಸಾನ್ ಮಾಸ್ಕ್ ಸರಿಮಾಡಿಕೊಂಡರು. "ಆದರೆ ಸಿಹಿ ಕೊಟ್ಟು, ಟೈಮ್ ಹೇಳಿ, ಆಮೇಲೆ ಸಿಟ್ಟಾಗುವವರಿಂದ ಅಪಾಯವಿಲ್ಲ ಎಂದೆ. ನನಗೆ ಭಯ ಸುಮ್ಮನಿರುವವರದ್ದು. ನೀವಂತೂ ಸರಿಯಾಗಿ ಐದಕ್ಕೆ ನಿಲ್ಲಿಸುತ್ತೀರಿ."

ಮೆಟ್ಟಿಲ ಬಳಿ ತಿರುಗಿ ನಿಂತರು. "ಆ ಹಳದಿ ಸಿಹಿ... ಮತ್ತೆ ಮಾಡುತ್ತೀರಾ?"

ಪರವಾನಗಿ ಬಂತು. ರೇಂಜ್‌ಗೆ ಹೋಗಿ ಕೈ ಪಳಗಿಸಿಕೊಂಡೆ. ನಾನು ಹೊಡೆದು ಮಾಡಿದ ಹಿಯೊದೊರಿಯ ಮೆಣಸಿನ ಸಾರನ್ನು ಹಯಾಶಿ ಸಾನ್ ಮೂಗು ಸೋರಿಸಿಕೊಂಡೇ ಎರಡು ಸಲ ಹಾಕಿಸಿಕೊಂಡರು. ಮುಂದಿನ ಬೆಳೆಗೆ ಬೀಜ ತಂದಿಟ್ಟಿದ್ದಾರೆ!

ಸಿಟ್ಟಿನವಳು ಎಂದು ಜನ್ಮವಿಡೀ ಬೈಸಿಕೊಂಡವಳಿಗೆ ಬಂದೂಕು ಕೊಡಿಸಿದ್ದು ಆ ಸಿಟ್ಟೇ. ನಿಮ್ಮ ಸಿಟ್ಟಿನ ಬಗ್ಗೆ ನಿಮ್ಮ ಕೆಳಗಿನ ಮನೆಯವರನ್ನು ಕೇಳಿದರೆ ಏನನ್ನಬಹುದು?