ಗೌಡರು ಅತ್ತ ಮಾರನೆಯ ದಿನ

ನನಗಾಗ ಇಪ್ಪತ್ತಮೂರು. ಈಗ್ಗೆ ನಲವತ್ತಾರು ವರ್ಷದ ಹಿಂದಿನ ಮಾತು. ಹೋದ ವಾರ ಮೊಮ್ಮಗಳು ಮಂಡ್ಯದಲ್ಲಿ ಒಂದು ಪಿಕ್ಚರಿಗೆ ಕರೆದುಕೊಂಡು ಹೋಗಿದ್ದಳು. ಪಕ್ಕದ ಸೀಟಿನ ದಪ್ಪ ಮನುಷ್ಯ ಹೆಗಲ ಮೇಲಿನ ಟವಲಿನಲ್ಲಿ ಕಣ್ಣು ಮೂಗು ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು. ಆ ಒದ್ದೆ ಟವಲಿನ ಮುಗ್ಗಲು ವಾಸನೆ ನನ್ನ ಮೂಗಿಗೆ ಹೊಡೆಯಿತು. ಆಚೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಒಳ್ಳೆ ಮೆಸೇಜು, ಒಳ್ಳೆ ಮೆಸೇಜು.

"ಅಜ್ಜಿ, ಇಂಥವು ನೋಡಿ ಜನ ಬದಲಾಯ್ತಾರಾ?" ಅಂದಳು ಮೊಮ್ಮಗಳು.

"ಬಸ್ಸು ಬಂತು, ನಡಿ" ಅಂದೆ. ಬಸ್ಸಿನಲ್ಲಿ ಕೂತ ಮೇಲೆ ದೊಡ್ಡವ್ವ ನೆನಪಾದಳು.

ದೊಡ್ಡವ್ವ ನನಗೆ ಸಂಬಂಧವೇನಲ್ಲ. ನಮ್ಮ ನಾಟಿ ಗುಂಪಿನ ಯಜಮಾನಿ, ಅದಕ್ಕೆ ಎಲ್ಲರಿಗೂ ದೊಡ್ಡವ್ವ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಮಳೆಗಾಲ ಬಂದು ನಾಲೆಗೆ ನೀರು ಬಿಟ್ಟರೆ ನಾವು ಹನ್ನೊಂದು ಹೆಂಗಸರು ಗೌಡರ ಗದ್ದೆಗೆ ಇಳಿಯುತ್ತಿದ್ದೆವು. ಸಾಲಾಗಿ ಬಗ್ಗಿ, ಪೈರು ನೆಡುತ್ತ ಹಿಂದಕ್ಕೆ ಸರಿಯಬೇಕು. ಒಬ್ಬಳು ಎದ್ದು ಹೋದರೆ ಸಾಲು ಬಾಯಿ ಬಿಡುತ್ತದೆ. ಅದಕ್ಕೇ ಒಂದು ಗದ್ದೆ ಮುಗಿಯುವ ತನಕ ಯಾರೂ ಏಳಕೂಡದು ಅಂತ ಗೌಡರ ಕಟ್ಟಪ್ಪಣೆ. ಬದುವಿನ ಮೇಲೆ ಛತ್ರಿ ಹಿಡಿದು ಕೂತೇ ಇರುತ್ತಿದ್ದರು.

ಆ ವರ್ಷ ನನ್ನ ಮಗಳಿಗೆ ಐದು ತಿಂಗಳು. ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿ ಬರುತ್ತಿದ್ದೆ. ಅದು ಅತ್ತರೆ ಇಲ್ಲಿ ನನ್ನ ರವಿಕೆ ಒದ್ದೆಯಾಗುತ್ತಿತ್ತು, ನಾನು ಬಗ್ಗಿಕೊಂಡೇ ಇರುತ್ತಿದ್ದೆ. ಎದೆಹಾಲು ಬಿಡಿಸಿ ರಾಗಿ ಸರಿ ಕುಡಿಸು ಅಂತ ಅತ್ತೆ ದಿನಾ ಹೇಳುತ್ತಿದ್ದರು. ನನ್ನ ಮೊದಲನೇ ಕೂಸು ಹಾಲು ಬಿಡಿಸಿದ ತಿಂಗಳಿಗೇ ಭೇದಿಯಾಗಿ ಹೋಗಿತ್ತು. ಇದನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ಗೌಡರು ಮದ್ದೂರಿನಲ್ಲಿ ಒಂದು ಪಿಕ್ಚರ್ ನೋಡಿಕೊಂಡು ಬಂದರು. ನೋಡಿದವರು ಸುಮ್ಮನಿರಲಿಲ್ಲ, ನಮಗೂ ತೋರಿಸಬೇಕು ಅಂದರು. ಸೋಮವಾರ ಬಸವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕೆಸರು ಹೊಡೆಯದೆ ನಾಟಿಯೂ ಇಲ್ಲ. ಹನ್ನೊಂದು ಜನರನ್ನೂ ಬಸ್ಸು ಹತ್ತಿಸಿ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಕಲ್ಲೆದೆಯ ಜಮೀನ್ದಾರ, ಕೂಲಿ ಹೆಂಗಸು, ಗದ್ದೆ ಬದುವಿನಲ್ಲಿ ಹಸಿದು ಅಳುವ ಕೂಸು. ಕೊನೆಗೆ ಜಮೀನ್ದಾರನ ಎದೆ ಕರಗಿ ಆ ಕೂಸನ್ನು ಎತ್ತಿಕೊಳ್ಳುತ್ತಾನೆ. ಎರಡನೇ ಸಲ ನೋಡುತ್ತಿದ್ದ ಗೌಡರು ಬಿಕ್ಕಿ ಬಿಕ್ಕಿ ಅತ್ತರು. ನಾವೂ ಅತ್ತೆವು, ಸುಳ್ಳು ಯಾಕೆ ಹೇಳಲಿ.

ದೊಡ್ಡವ್ವ ಮಾತ್ರ ಅಳಲಿಲ್ಲ. "ಗದ್ದೇಲಿ ಗೇದೋಳ ಸೀರೆಗೆ ಒಂದ್ ಚೂರೂ ಕೆಸರಾಗಿಲ್ವಲ್ರೇ, ಅದ್ಯಾವ್ ಸೋಪು ಹಾಕವ್ಳೋ!" ಅಂದಳು. ಅವಳು ಪರದೆಗಿಂತ ಗೌಡರನ್ನೇ ಹೆಚ್ಚು ನೋಡಿದ್ದಳು ಅಂತ ನನಗೆ ಆಮೇಲೆ ತಿಳಿಯಿತು.

ವಾಪಸ್ಸು ಬರುವಾಗ ಬಸ್ಸಿನ ತುಂಬ ಗೌಡರದೇ ಮಾತು. "ನೋಡುದ್ರೇನ್ರಮ್ಮ, ಆ ಕೂಲಿಯೋಳ್ಗೆ ಎಷ್ಟ್ ತಾಳ್ಮೆ! ಒಂದ್ ದಿನಾನಾದ್ರೂ ಎದುರು ಮಾತಾಡುದ್ಲಾ?" ಅವರು ಅತ್ತಿದ್ದು ನಿಜವಾದ ಅಳುವೇ. ಆದರೆ ಬುದ್ಧಿ ಕಲಿಯಬೇಕಾದವರು ನಾವು ಅಂತ ತಿಳಿದಿದ್ದರು… ಊರಿಗೆ ಬಂದವರು ಟೀ ಅಂಗಡಿಯಲ್ಲೂ ತಾವು ಅತ್ತಿದ್ದನ್ನು ಹೇಳಿಕೊಂಡರು.

ಮಂಗಳವಾರ ಬೆಳಿಗ್ಗೆ ಅದೇ ಗದ್ದೆ, ಅದೇ ಛತ್ರಿ. ಹೊತ್ತು ಮೇಲೇರುತ್ತಿದ್ದ ಹಾಗೆ ಕೂಸು ಅಳಲು ಶುರು ಮಾಡಿತು. ದೊಡ್ಡವ್ವ ಪೈರು ಹಿಡಿದುಕೊಂಡೇ ನೆಟ್ಟಗೆ ನಿಂತಳು.

"ಗೌಡ್ರೆ, ನೆನ್ನೆ ಪಿಕ್ಚರ್ನಾಗೆ ಕೂಸು ಅತ್ತಾಗ ಯಾಕತ್ರಿ?"

"ಕರ್ಳು ಕಿತ್ಕಂಡು ಬಂದಂಗಾಯ್ತು ಕಣಮ್ಮ."

"ಇದೂ ಕೂಸೇ ಅಲ್ವಾ? ಇದ್ರ ಅಳು ಕೇಳಕ್ಕೂ ಟಿಕೀಟು ತಗಬೇಕಾ?"

ಹೆಂಗಸರೆಲ್ಲ ಕಿಸಕ್ ಅಂದರು. ಗೌಡರ ಮುಖ ಕಪ್ಪಿಟ್ಟಿತು. "ಅದು ಪಿಕ್ಚರು, ಇದು ಬೇಸಾಯ. ಎದ್ರೆ ಸಾಲು ಕೆಟ್ಟೋಯ್ತದೆ."

"ಅವಳ ಸಾಲು ನಾ ನೆಡ್ತೀನಿ. ನೀವತ್ತಿದ್ದು ಊರ್ಗೆಲ್ಲ ಗೊತ್ತು, ನೀವೇ ಯೋಳ್ಕಂಡಿದ್ದೀರ. ಈಗ ಇವಳು ಏಳದ್ ಬ್ಯಾಡ ಅಂದ್ಬುಡಿ, ಟೀ ಅಂಗಡೀಲಿ ಅದ್ನೂ ನಾ ಯೋಳ್ತೀನಿ."

ಗೌಡರು ನಾಲೆಯ ಕಡೆ ನೋಡಿದರು. ಬಾಕಿ ಹೆಂಗಸರೂ ಒಬ್ಬೊಬ್ಬರಾಗಿ ಸೊಂಟ ಎತ್ತಿ ನಿಂತರು. ಕಿತ್ತ ಪೈರು ಬಿಸಿಲಲ್ಲಿ ಬಾಡುತ್ತಿತ್ತು.

"ಬಿರ್ನೆ ಕುಡಿಸ್ಬುಟ್ಟು ಬರೇಳು ಅವಳ್ಗೆ" ಅಂತ ಗೌಡರು ಛತ್ರಿ ಆ ಕಡೆ ತಿರುಗಿಸಿಕೊಂಡರು.

"ಏನ್ ನೋಡಿಯೇ? ಎದ್ದೋಗಮ್ಮಿ!" ಅಂದಳು ದೊಡ್ಡವ್ವ. ನಾನು ಕೆಸರು ಕಾಲಲ್ಲೇ ಓಡಿದೆ. ಅವಳು ಇಬ್ಬರ ಸಾಲು ಒಬ್ಬಳೇ ನೆಟ್ಟಳು.

ಗೌಡರೇನೂ ಬದಲಾಗಲಿಲ್ಲ. ಸಾಯುವ ತನಕ ಆ ಪಿಕ್ಚರಿನ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು, ಬದುವಿನ ಮೇಲೆ ಗೊಣಗುತ್ತಲೂ ಇದ್ದರು. ಆದರೆ ಹತ್ತು ಜನರ ಮುಂದೆ ಅತ್ತಿದ್ದನ್ನು ಯಾರೂ ವಾಪಸ್ಸು ತೆಗೆದುಕೊಳ್ಳಲಾರರು. ಅದನ್ನು ಹಿಡಿದು ಜಗ್ಗುವವರು ಒಬ್ಬರು ಬೇಕು. ನಮಗೆ ದೊಡ್ಡವ್ವ ಇದ್ದಳು. ಆಮೇಲೆ ಅಕ್ಕಪಕ್ಕದ ಗದ್ದೆಗಳಲ್ಲೂ ಹಾಲೂಡಿಸುವವರು ಎದ್ದು ಹೋಗುವುದು ರೂಢಿಯಾಯಿತು. ಅಂಥವಳ ಕೈಕೆಳಗೆ ನಾಟಿ ಹಾಕಿದ್ದೇನೆ ಅಂತ ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ. ಅವಳು ಹೋಗಿ ಬಹಳ ವರ್ಷವಾಯಿತು. ಒಂದು ಫೋಟೋ ಕೂಡ ಇಲ್ಲ. ಈಗ ಆ ಗದ್ದೆಗೆ ನಾಟಿ ಮಿಷನ್ನು ಬರುತ್ತದೆ, ಸಾಲು ನೆಟ್ಟಗೇ ಇರುತ್ತದೆ… ಮಾತಾಡುವವರಿಲ್ಲ.

ಮೊಮ್ಮಗಳಿಗೆ ನಾನು ಹೇಳಬೇಕಾಗಿದ್ದದ್ದು ಬುಧವಾರದ ಮಾತು. ಇಬ್ಬರ ಸಾಲು ನೆಟ್ಟು ಸೊಂಟ ಹಿಡಿದುಕೊಂಡಿದ್ದರಿಂದ ಮಾರನೆಯ ಬೆಳಿಗ್ಗೆ ದೊಡ್ಡವ್ವ ಗದ್ದೆಗೆ ಬರಲಿಲ್ಲ. ಹೊತ್ತು ಏರಿತು, ಕೂಸು ಅತ್ತಿತು. ಏಳು ಅನ್ನುವವರು ಯಾರೂ ಇರಲಿಲ್ಲ. ಗೌಡರು ಛತ್ರಿಯ ಕೆಳಗಿಂದ ನನ್ನನ್ನೇ ನೋಡುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಪೈರನ್ನು ಪಕ್ಕದವಳಿಗೆ ಕೊಟ್ಟು ಎದ್ದು ನಡೆದೆ.