ಕೌದಿ ಹೊದ್ದ ಫ್ರಿಜ್ಜು

ನನ್ನ ಸಂಬಳ ಕೈಗೆ ಬರುವ ಮೊದಲೇ ಸರ್ಕಾರ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ. ವಿಜಯಪುರದಲ್ಲಿ ಶಾಲಾ ಶಿಕ್ಷಕಿ ನಾನು. ಅದೇ ಊರಿನ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕ ಬಾಡಿಗೆ ಮನೆ. ತಿಕೋಟಾದಲ್ಲಿರುವ ನನ್ನ ಸೋದರಮಾವನಿಗೆ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡು, ಬಿಳಿ ಕಾರು ಎಲ್ಲವೂ ಇವೆ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲ. ಸಾಲದ್ದಕ್ಕೆ ಬಡವರ ರೇಷನ್ ಕಾರ್ಡೂ ಇತ್ತು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಕಳೆದ ಬೇಸಿಗೆ ರಜೆಯಲ್ಲಿ, ಕಾರ್ಡು ಪರಿಶೀಲನೆಗೆ ಮನೆಮನೆಗೆ ಬರುತ್ತಾರೆಂದು ಸುದ್ದಿಯಾಯಿತು. ಮಾವ ಕಾರು ತಂದು ನನ್ನ ಬಾಗಿಲ ಮುಂದೆ ನಿಲ್ಲಿಸಿದ. "ಮನಿಯಾಗಿನ ಸಾಮಾನು ಮುಚ್ಚಿಡಬೇಕು, ನೀನೂ ಬಾರವ್ವಾ" ಎಂದು ಕಾರನ್ನು ಅಲ್ಲೇ ಬಿಟ್ಟು ನನ್ನನ್ನು ಬಸ್ಸಿಗೆ ಹತ್ತಿಸಿದ. ನನಗೆ ಟಿಕೆಟ್ ಪುಕ್ಕಟೆ. ತನ್ನ ಟಿಕೆಟಿಗೆ ದುಡ್ಡು ಕೊಡುವಾಗ ಅವನು ಮುಖ ಸಿಂಡರಿಸಿದ.

"ಗಂಡಸರಿಗೆ ಏನೂ ಕೊಡೂದಿಲ್ಲ ನೋಡು ಈ ಸರ್ಕಾರ."

"ನಿನ್ನ ತ್ವಾಟದಾಗ ದುಡಿಯಾಕಿ ಕಾರ್ಡಿಗೆ ಅಲೆದು ಅಲೆದು ಚಪ್ಪಲಿ ಸವಸ್ಯಾಳ. ನಿನಗ್ಯಾಕ ಬೇಕು ಅದು?"

"ಊರಾಗ ಎಲ್ಲಾರೂ ತಗೊಂಡಾರ. ನಾ ಒಬ್ಬಾವ ಬಿಟ್ರ ಹುಚ್ಚ ಅಂತಾರ."

ಆ ಮನೆಯ ನಿಜವಾದ ಚಿಂತೆ ಬೇರೆಯೇ ಇತ್ತು. ಮಾವನ ಮಗನಿಗೆ ಮದುವೆಯ ವಯಸ್ಸು ಮೀರುತ್ತಿತ್ತು. ಹೊಲ ಮಾಡುವವನಿಗೆ ಕನ್ಯೆ ಕೊಡುವವರಿಲ್ಲ. ಎಲ್ಲ ಕಡೆ 'ಆಮ್ಯಾಲ ಹೇಳ್ತೀವಿ' ಎನ್ನಿಸಿಕೊಂಡು ಹುಡುಗ ಕನ್ನಡಿ ನೋಡುವುದನ್ನೇ ಬಿಟ್ಟಿದ್ದ. ಅವನನ್ನು ಕಂಡರೆ ನನಗೆ ಕರುಳು ಚುರ್ ಎನ್ನುತ್ತಿತ್ತು. ಈಗ ಬಬಲೇಶ್ವರದ ಕನ್ಯೆಯ ಕಡೆಯವರು ರವಿವಾರ ಮನೆ ನೋಡಲು ಬರುವವರಿದ್ದರು. ಮಧ್ಯಸ್ಥ ಫೋಟೋ ತಂದಿದ್ದನಷ್ಟೆ. ಹುಡುಗಿಯ ತಂದೆಯನ್ನು ನಾವ್ಯಾರೂ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಫ್ರಿಜ್ಜಿಗೆ ಕೌದಿ ಹೊದಿಸಿದೆವು. ವಾಷಿಂಗ್ ಮಶೀನಿನ ಮೇಲೆ ಜೋಳದ ಚೀಲ ಹೇರಿದೆವು. ಮಾವ ಎಲ್ಲಿಂದಲೋ ಹುಡುಕಿ ಹರಿದ ಬನಿಯನ್ ಹಾಕಿಕೊಂಡ. ಅಷ್ಟರಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಬಗಲಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

"ಬರ್ರಿ ಸಾಹೇಬ್ರ," ಮಾವ ಸೊಂಟ ಬಗ್ಗಿಸಿ ಒಳಗೆ ಕೂರಿಸಿದ.

"ಹೊಲಾ ಎಷ್ಟೈತ್ರಿ?"

"ಎಲ್ಲಿ ಹೊಲಾರಿ? ಬರೇ ಕಲ್ಲು."

"ಮತ್ತ ಆ ದ್ರಾಕ್ಷಿ ತ್ವಾಟ?"

"ಮಂದೀದ್ರಿ."

"ಮಗಾ ಏನ್ ಮಾಡ್ತಾನ?"

"ಅದ್ರಾಗ ಕೂಲಿ ಮಾಡ್ತಾನ್ರಿ. ಅದೂ ದಿನಾ ಸಿಗೂದಿಲ್ಲ."

ಹಿರಿಯರು ನಿಟ್ಟುಸಿರು ಬಿಟ್ಟು ಎದ್ದರು. "ಮಧ್ಯಸ್ಥ ಬ್ಯಾರೇನ ಹೇಳಿದ್ದ. ನಾಳಿ ಬಂದ್ರ ನೀವು ಎಲ್ಲಾ ಒಪ್ಪ ಮಾಡಿಟ್ಟಿರ್ತೀರಿ ಅಂತ ಇವತ್ತ ಬಂದೆ. ಛಲೋ ಆತು. ನನ್ನ ಮಗಳನ್ನ ಕೂಲ್ಯಾವಗ ಕೊಡಾಕ ಆಗೂದಿಲ್ರಿ."

ಒಳಬಾಗಿಲಲ್ಲಿ ನಿಂತಿದ್ದ ಹುಡುಗನ ಮುಖ ನೋಡಲಾಗಲಿಲ್ಲ. ಮಾವ ಒಮ್ಮೆಲೇ ಕೌದಿ ಕಿತ್ತೆಸೆದ.

"ಫ್ರಿಜ್ ಐತ್ರಿ ಬೀಗ್ರ! ಇಲ್ಲಿ ನೋಡ್ರಿ, ಮಶೀನ್! ತ್ವಾಟ ನಮ್ದ, ಮಣೂಕದ ಶೆಡ್ ನಮ್ದ! ಕಾರ್ ವಿಜಯಪುರದಾಗ ಮುಚ್ಚಿಟ್ಟೇನಿ, ಬೇಕಾದ್ರ ಈಕಿನ್ನ ಕೇಳ್ರಿ!"

"ಕಾರಿನ ನಂಬರ್ ಹೇಳ್ರಿ," ಎಂಬ ಧ್ವನಿ ಹೊಸ್ತಿಲಿಂದ ಬಂತು. ಕೊರಳಲ್ಲಿ ಸರ್ಕಾರಿ ಗುರುತಿನ ಚೀಟಿ ಹಾಕಿಕೊಂಡ ತರುಣಿಯೊಬ್ಬಳು ಮೊಬೈಲ್ ಹಿಡಿದು ನಿಂತಿದ್ದಳು.

ಮಾವ ಅವಳನ್ನು ನೋಡಿದ, ಬೀಗರನ್ನು ನೋಡಿದ, ಕೊನೆಗೆ ಮಗನನ್ನು ನೋಡಿದ. ಆಮೇಲೆ ನಂಬರನ್ನು ಇಡೀ ಓಣಿಗೆ ಕೇಳುವಂತೆ ಕೂಗಿ ಹೇಳಿದ. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅವನ ಮೇಲೆ ಹೆಮ್ಮೆ ಎನಿಸಿತು.

ಕಾರ್ಡು ಹೋಯಿತು, ಸಂಬಂಧ ಉಳಿಯಿತು. ಹುಡುಗ ತಾನೇ ಮುಂದಾಗಿ ಎಲ್ಲರಿಗೂ ಚಹಾ ಕೊಟ್ಟ. ಆ ಅಧಿಕಾರಿ ಚಹಾ ಕುಡಿದು ಹೊರಟಾಗ ಬೀಗರು ಅವಳ ಹಿಂದೆಯೇ ಅಂಗಳಕ್ಕೆ ಹೋದರು. ಧ್ವನಿ ತಗ್ಗಿಸಿ ಕೇಳಿದ್ದು ನನ್ನ ಕಿವಿಗೂ ಬಿತ್ತು.

"ಅಕ್ಕಾರ, ನಮ್ಮ ಬಬಲೇಶ್ವರಕ್ಕ ಯಾವತ್ತ ಬರಾವ್ರದೀರಿ?"