ಗೋಲ್‌ಕೀಪರನ ಮುಂದಿನ ಐಸ್

ಹೆಂಡತಿಗೆ ಸ್ಯಾನ್ ಡಿಯಾಗೋದ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದಾಗ ಮಗಳಿಗೆ ಎರಡು ವರ್ಷ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅದಕ್ಕೂ ಮುಂಚೆ ನಾನು ಮಲ್ಪೆಯಲ್ಲಿ ದೊಡ್ಡಪ್ಪನ ಐಸ್ ಪ್ಲಾಂಟ್ ನೋಡಿಕೊಳ್ಳುತ್ತಿದ್ದೆ. ಮೀನು ಹಿಡಿಯಲು ಹೋಗುವ ಬೋಟುಗಳಿಗೆ ಐಸ್ ಮಾಡಿ ಕೊಡುವ ಕಾರ್ಖಾನೆ ಅದು. ಏಳು ವರ್ಷ ಅಮೋನಿಯದ ವಾಸನೆಯಲ್ಲಿ ಇದ್ದವನು ಒಮ್ಮೆಗೇ ಕಾರ್ಪೆಟ್ ಹಾಸಿದ ಅಪಾರ್ಟ್‌ಮೆಂಟಿನಲ್ಲಿ ಮಗುವಿಗೆ ಊಟ ಮಾಡಿಸುತ್ತ ಕುಳಿತೆ. ಬೇಸರ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಗಳ ಆ ವಯಸ್ಸನ್ನು ಅಷ್ಟು ಹತ್ತಿರದಿಂದ ನೋಡಿದ ಗಂಡಸರು ನನ್ನ ಪರಿಚಯದಲ್ಲಿ ಬೇರೆ ಯಾರೂ ಇಲ್ಲ.

ನಾಲ್ಕನೇ ವರ್ಷ ಗ್ರೀನ್ ಕಾರ್ಡ್ ಬಂತು. ಅದೇ ವಾರ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ಪೊವೇ ಕಡೆಯ ಒಂದು ಐಸ್ ರಿಂಕಿಗೆ, ಎಂದರೆ ಐಸಿನ ಮೇಲೆ ಸ್ಕೇಟಿಂಗ್ ಆಡುವ ಅಂಕಣಕ್ಕೆ, ಯಂತ್ರ ನೋಡಿಕೊಳ್ಳುವವರು ಬೇಕು, ಅಮೋನಿಯ ಪ್ಲಾಂಟಿನ ಅನುಭವ ಇರಬೇಕು ಎಂದಿತ್ತು. ಅಪ್ಲೈ ಮಾಡಿದೆ. ಮ್ಯಾನೇಜರು ನನ್ನ ಕಾಗದಗಳನ್ನು ತಿರುವಿ ಹಾಕಿ, "ನಿಮ್ಮ ಊರಲ್ಲಿ ಎಷ್ಟು ರಿಂಕ್ ಇವೆ?" ಎಂದು ಕೇಳಿದರು.

"ಒಂದೂ ಇಲ್ಲ. ನಾನು ಮೀನಿಗೆ ಐಸ್ ಮಾಡುತ್ತಿದ್ದೆ" ಎಂದೆ.

ಅವರು ಜೋರಾಗಿ ನಕ್ಕು ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ನನಗೆ ಹೊಸದೇನೂ ಇರಲಿಲ್ಲ. ಮಲ್ಪೆಯಲ್ಲಿ ಅಮೋನಿಯದಿಂದ ತಣ್ಣಗಾದ ಉಪ್ಪುನೀರಿನ ತೊಟ್ಟಿಯಲ್ಲಿ ಸಿಹಿನೀರಿನ ಕ್ಯಾನುಗಳನ್ನು ಇಳಿಬಿಟ್ಟರೆ ಐಸ್ ಆಗುತ್ತಿತ್ತು. ಇಲ್ಲಿ ಅದೇ ಉಪ್ಪುನೀರು ಸಿಮೆಂಟ್ ನೆಲದ ಒಳಗಿನ ಪೈಪುಗಳಲ್ಲಿ ಓಡುತ್ತದೆ, ನೆಲದ ಮೇಲೆ ಚಿಮುಕಿಸಿದ ನೀರು ಪದರ ಪದರವಾಗಿ ಹೆಪ್ಪುಗಟ್ಟುತ್ತದೆ. ಕಂಪ್ರೆಸರ್ ಶಬ್ದ ಕೇಳಿಯೇ ನಾನು, "ಇದಕ್ಕೆ ಆಯಿಲ್ ಬದಲಾಯಿಸಿ ತುಂಬಾ ದಿನ ಆಗಿದೆ" ಎಂದೆ. ಕೆಲಸ ಸಿಕ್ಕಿತು.

ಕಾರ್ಮೆಲ್ ವ್ಯಾಲಿಯ ಕನ್ನಡದವರ ಮನೆಗಳಿಗೆ ಊಟಕ್ಕೆ ಹೋದಾಗ ಮಾತ್ರ ಸ್ವಲ್ಪ ಮುಜುಗರ. ಅಲ್ಲಿದ್ದವರೆಲ್ಲ ಎಂಜಿನಿಯರುಗಳು, ಡಾಕ್ಟರುಗಳು. ಉಡುಪಿ ಕಡೆಯ ಒಬ್ಬ ಹಿರಿಯರು ಪ್ರತಿ ಸಲವೂ, "ನಿಮ್ಮದು ಎಂತ ಕೆಲಸ ಮಾರಾಯ್ರೆ?" ಎನ್ನುತ್ತಿದ್ದರು. ನಾನು ಮಾತು ತಿರುಗಿಸಲು ನೋಡಿದರೆ ಹೆಂಡತಿ ಅಡುಗೆಮನೆಯಿಂದಲೇ, "ಐಸ್ ಮಾಡ್ತಾರೆ ಅಂಕಲ್, ತುಂಬಾ ಚೆನ್ನಾಗಿ ಮಾಡ್ತಾರೆ" ಎಂದು ಕೂಗುತ್ತಿದ್ದಳು. ಅವಳಿಗೆ ಅದರಲ್ಲಿ ಯಾವ ಸಂಕೋಚವೂ ಇರಲಿಲ್ಲ.

ಎರಡು ವರ್ಷ ಕಳೆದಿತ್ತು. ಒಂದು ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನ ಹಳೆಯ ಸ್ಟೇಡಿಯಂ ಒಂದರಲ್ಲಿ ನಾಲ್ಕು ದೇಶಗಳ ಗಂಡಸರ ಐಸ್ ಹಾಕಿ ಪಂದ್ಯಾವಳಿ ಇತ್ತು. ಫಿನ್ಲೆಂಡ್, ಚೆಕ್, ಸ್ವೀಡನ್, ಅಮೆರಿಕ. ಅಲ್ಲಿ ಯಂತ್ರ ನೋಡಿಕೊಳ್ಳುವವನಿಗೆ ಹರ್ನಿಯಾ ಆಪರೇಷನ್ ಆಗಿತ್ತಂತೆ. ಐದು ದಿನಕ್ಕೆ ಒಬ್ಬರನ್ನು ಕಳಿಸಿಕೊಡಿ ಎಂದು ನಮ್ಮ ರಿಂಕಿಗೆ ಫೋನ್ ಬಂತು. ನಾನು ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಚಟ್ನಿಪುಡಿ ತೆಗೆದುಕೊಂಡು ಬುಧವಾರ ಡ್ರೈವ್ ಮಾಡಿಕೊಂಡು ಹೋದೆ.

ಅಲ್ಲಿನ ಐಸ್ ಮೇಲ್ವಿಚಾರಕ ಅರುವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಉತ್ತರದ ಚಳಿಯ ಸೀಮೆಯಿಂದ ಬಂದವನು. ಮೊದಲ ದಿನವೇ ನನ್ನನ್ನು ಐಸಿನ ಮೇಲೆ ಕರೆದುಕೊಂಡು ಹೋಗಿ ಬೆರಳಿನಿಂದ ಕುಟ್ಟಿ ತೋರಿಸಿದ. "ಹಾಕಿಗೆ ಇಷ್ಟು ಗಟ್ಟಿ ಇರಬೇಕು. ಸ್ವಲ್ಪ ಮೆತ್ತಗಾದರೂ ಪಕ್ ಎಗರುತ್ತದೆ." ಪಕ್ ಎಂದರೆ ಇವರು ಆಡುವ ಗಟ್ಟಿ ರಬ್ಬರಿನ ಬಿಲ್ಲೆ. ಚೆಂಡಿನ ಹಾಗೆ ಉರುಳುವುದಿಲ್ಲ, ಐಸಿನ ಮೇಲೆ ಜಾರುತ್ತದೆ. ನಯವಾಗಿ ಜಾರಿದರೆ ಮಾತ್ರ ಆಟ.

ಆ ವಾರ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸತೊಡಗಿತ್ತು. ತುಟಿ ಒಡೆಯುವಷ್ಟು ಒಣ ಗಾಳಿ. ಯಂತ್ರದ ಶಾಖವನ್ನು ಹೊರಗೆ ಹಾಕುವ ಕೂಲಿಂಗ್ ಟವರ್ ಛಾವಣಿಯ ಮೇಲಿತ್ತು. ಅದರ ಕೆಳಗಿನ ತೊಟ್ಟಿಯಲ್ಲಿ ನೀರು ಸದಾ ತುಂಬಿರಬೇಕು. ನೀರು ಕಡಿಮೆಯಾದರೆ ತಾನೇ ತುಂಬಿಕೊಳ್ಳಲು ಒಂದು ತೇಲುವ ಚೆಂಡು, ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಇರುತ್ತದಲ್ಲ, ಅಂಥದ್ದೇ. ಇಂಥ ಗಾಳಿಯಲ್ಲಿ ನೀರು ಬೇಗ ಆರುತ್ತದೆ ಎಂದು ನಾನು ದಿನಕ್ಕೆ ಮೂರು ಸಲ ಏಣಿ ಹತ್ತಿ ನೋಡಿ ಬರುತ್ತಿದ್ದೆ, ಯಂತ್ರದ ಕೋಣೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಶನಿವಾರ ಮಧ್ಯಾಹ್ನ ಫಿನ್ಲೆಂಡಿಗೂ ಚೆಕ್‌ಗೂ ಸೆಮಿಫೈನಲ್. ಅದನ್ನು ನೋಡಲು ಹೆಂಡತಿ ಮಗಳನ್ನು ಕರೆದುಕೊಂಡು ನಸುಕಿಗೇ ಸ್ಯಾನ್ ಡಿಯಾಗೋ ಬಿಟ್ಟು ಬಂದಳು. ನಾನು ಗೇಟಿಗೆ ಹೋಗಿ ಪಾರ್ಕಿಂಗ್ ತೋರಿಸಿ, ಟಿಕೆಟ್ ಕೊಟ್ಟು, ಮಗಳಿಗೆ ಡೋನಟ್ ಕೊಡಿಸಿ ವಾಪಸ್ ಬರುವಷ್ಟರಲ್ಲಿ ಫಿನ್ಲೆಂಡಿನವರ ಬೆಳಗಿನ ಅಭ್ಯಾಸ ಶುರುವಾಗಿತ್ತು. ಗೀರು ಬಿದ್ದ ಐಸನ್ನು ಅಲಗಿನಿಂದ ಕೆರೆದು, ಮೇಲೆ ಬಿಸಿನೀರು ಸವರಿ ನಯ ಮಾಡುವ ಬಂಡಿಗೆ ನೀರು ತುಂಬಿಸಬೇಕಿತ್ತು. ಆ ಗಡಿಬಿಡಿಯಲ್ಲಿ ಬೆಳಗಿನ ಹೊತ್ತು ಛಾವಣಿಗೆ ಹೋಗಲಿಲ್ಲ. ಆಮೇಲೆ ಹೋದರಾಯಿತು ಎಂದುಕೊಂಡೆ. ಆಮೇಲೆಯೂ ಹೋಗಲಿಲ್ಲ.

ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಭಾಗಗಳಲ್ಲಿ ಆ ಆಟ ನಡೆಯುತ್ತದೆ. ಎರಡನೇ ಭಾಗ ಅರ್ಧಕ್ಕೆ ಬಂದಿತ್ತು, ತಲಾ ಎರಡು ಗೋಲು. ನಾನು ಯಂತ್ರದ ಕೋಣೆಯಲ್ಲಿದ್ದೆ. ಕಂಪ್ರೆಸರ್ ಒಮ್ಮೆ ಏದುಸಿರು ಬಿಟ್ಟ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಗೇಜಿನ ಮುಳ್ಳು ಕೆಂಪು ಗೆರೆ ದಾಟಿತ್ತು. ನನಗೆ ತಕ್ಷಣ ಗೊತ್ತಾಯಿತು. ಏಣಿ ಹತ್ತಿ ಓಡಿದೆ. ಟವರಿನ ತೊಟ್ಟಿಯಲ್ಲಿ ನೀರು ತಳ ಕಂಡಿತ್ತು. ತೇಲುವ ಚೆಂಡು ಮೇಲೇ ಸಿಕ್ಕಿಹಾಕಿಕೊಂಡಿತ್ತು, ಅದರ ಸರಳಿನ ಸುತ್ತ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಸ್ಪ್ಯಾನರಿನಿಂದ ಎರಡು ಏಟು ಹಾಕಿ ಬಿಡಿಸಿದೆ. ಚೆಂಡು ಕೆಳಗೆ ಬಿತ್ತು, ನೀರು ಬಂತು. ಸಾಲದು ಎಂದು ಹೋಸ್ ಪೈಪನ್ನೂ ಬಿಟ್ಟೆ. ಯಂತ್ರ ಮತ್ತೆ ಶುರುವಾಯಿತು. ಆದರೆ ಮೆತ್ತಗಾದ ಐಸ್ ಮತ್ತೆ ಬಿಗಿಯಾಗಲು ಹೊತ್ತು ಬೇಕು.

ಕೆಳಗೆ ಬರುವಷ್ಟರಲ್ಲಿ ರೆಫರಿ ಆಟ ನಿಲ್ಲಿಸಿದ್ದ. ಫಿನ್ಲೆಂಡ್ ಗೋಲ್‌ಕೀಪರನ ಮುಂದೆ ಐಸಿನಲ್ಲಿ ಅಂಗೈ ಅಗಲದ ಗುಂಡಿ ಬಿದ್ದು ಐಸಿನ ಅಡಿಗೆ ಬಳಿದ ಬಿಳಿ ಬಣ್ಣ ಕಾಣುತ್ತಿತ್ತು. ಮೇಲ್ವಿಚಾರಕ ಒಂದು ಬಕೆಟ್ ನನ್ನ ಕೈಗೆ ಕೊಟ್ಟು, ಬೆಂಕಿ ಆರಿಸುವ ಸಿಲಿಂಡರನ್ನು ತಾನೇ ಎತ್ತಿಕೊಂಡು, "ಬಾ" ಎಂದ.

ಅಷ್ಟು ಸಾವಿರ ಜನರ ನಡುವೆ ನಾನು ಮೊಣಕಾಲೂರಿ ಕುಳಿತದ್ದು ಅದೊಂದೇ ಸಲ. ಬಕೆಟಿನ ಐಸ್ ಪುಡಿಗೆ ನೀರು ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ತಂದು ಗುಂಡಿಗೆ ತುಂಬಿ ಅಂಗೈಯಿಂದ ಒತ್ತಿದೆ. ಮೇಲ್ವಿಚಾರಕ ಸಿಲಿಂಡರಿನ ತಣ್ಣನೆಯ ಗಾಳಿಯನ್ನು ಅದರ ಮೇಲೆ ಬಿಟ್ಟ. ಬಿಳಿ ಹೊಗೆ ಎದ್ದು ಹೋಯಿತು. ಗೋಲ್‌ಕೀಪರ್ ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿ ನಮ್ಮನ್ನೇ ನೋಡುತ್ತ ನಿಂತಿದ್ದ. ಕೆಂಪು ಗಡ್ಡ, ಬೆವರಿಗೆ ಅಂಟಿಕೊಂಡ ಕೂದಲು. ಅಷ್ಟು ದಪ್ಪ ದಪ್ಪ ಪ್ಯಾಡು ಕಟ್ಟಿಕೊಂಡು ನನ್ನ ಪಕ್ಕದಲ್ಲಿ ಒಂದು ಕಪಾಟು ನಿಂತ ಹಾಗಿತ್ತು. ಅವನು ಸ್ಕೇಟಿನ ಅಂಚಿನಿಂದ ತೇಪೆಯನ್ನು ಗೀರಿ ನೋಡಿ ತಲೆ ಅಲ್ಲಾಡಿಸಿದ. ಇನ್ನೊಮ್ಮೆ ಒತ್ತಿದೆವು, ಇನ್ನೊಮ್ಮೆ ಗಾಳಿ ಬಿಟ್ಟೆವು. ಮತ್ತೆ ಗೀರಿದ. ಈ ಸಲ ತಲೆದೂಗಿ, ತನ್ನ ಕೋಲಿನಿಂದ ನನ್ನ ಕಾಲಿಗೆ ಎರಡು ಸಲ ಮೆಲ್ಲಗೆ ಬಡಿದ. ಸಿಟ್ಟು ಬಂದಿದೆ ಎಂದುಕೊಂಡೆ. ಹೊರಗೆ ಬರುವಾಗ ಮೇಲ್ವಿಚಾರಕ, "ಅದು ಇವರು ಥ್ಯಾಂಕ್ಸ್ ಹೇಳುವ ರೀತಿ" ಎಂದ.

ಆ ಎರಡನೇ ಭಾಗ ಮುಗಿಯಲು ನಾಲ್ಕು ನಿಮಿಷ ಇರುವಾಗ ಚೆಕ್ ಆಟಗಾರನೊಬ್ಬ ದೂರದಿಂದ ಹೊಡೆದ. ದೊಡ್ಡ ಹೊಡೆತವಲ್ಲ. ಪಕ್ ನೆಲಕ್ಕೆ ಅಂಟಿಕೊಂಡು ಬರುತ್ತಿದ್ದದ್ದು ಗೋಲಿನ ಹತ್ತಿರ ಚಕ್ಕನೆ ಎಗರಿ ಗೋಲ್‌ಕೀಪರನ ಕೋಲಿನ ಮೇಲಿಂದ ಒಳಗೆ ಹೋಯಿತು. ಚೆಕ್‌ನವರು ಒಬ್ಬರ ಮೇಲೊಬ್ಬರು ಬಿದ್ದರು. ಗೋಲ್‌ಕೀಪರ್ ಯಾರನ್ನೂ ನೋಡಲಿಲ್ಲ, ಐಸನ್ನು ನೋಡಿದ. ಮೂರನೇ ಭಾಗದಲ್ಲಿ ಯಾರಿಗೂ ಗೋಲು ಸಿಗಲಿಲ್ಲ, ಫಿನ್ಲೆಂಡ್ ಸೋತಿತು.

ಸಂಜೆ ಮೋಟೆಲ್ ಹತ್ತಿರದ ಹೋಟೆಲಿನಲ್ಲಿ ಪಿಜ್ಜಾ ತರಿಸಿಕೊಂಡು ಕೂತೆವು. ನನಗೆ ತಿನ್ನಲು ಆಗಲಿಲ್ಲ.

"ರೀ, ಏನಾಯ್ತು?" ಎಂದಳು ಹೆಂಡತಿ.

"ಆ ಗೋಲು ನನ್ನ ತೇಪೆಯಿಂದ ಆದದ್ದೋ ಅಂತ."

"ಹಾಗಂತ ಯಾರಾದ್ರೂ ಹೇಳಿದ್ರಾ?"

"ಯಾರೂ ಹೇಳಲಿಲ್ಲ ಮಾರಾಯ್ತಿ. ಅವ ನೆಲ ನೋಡಿದ."

ಮಗಳಿಗೆ ಆಗ ಎಂಟು ವರ್ಷ. ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಜಸ್ಟ್ ಆಸ್ಕ್ ಹಿಮ್, ಡ್ಯಾಡಿ" ಎಂದಳು, ಸ್ಟ್ರಾ ಬಾಯಲ್ಲಿಟ್ಟುಕೊಂಡೇ.

"ಅವಳು ಹೇಳೋದು ಸರಿ. ನಾಳೆ ಹೋಗಿ ಕೇಳ್ಬಿಡಿ" ಎಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಛಾವಣಿ ಹತ್ತಿ ತೊಟ್ಟಿ ನೋಡಿದೆ. ಎಂಟಕ್ಕೆ ಇನ್ನೊಮ್ಮೆ. ಒಂಬತ್ತಕ್ಕೆ ಫಿನ್ಲೆಂಡಿನ ಬಸ್ ಬಂತು. ಗೋಲ್‌ಕೀಪರ್ ಓಣಿಯಲ್ಲಿ ಒಂದು ಬೆಂಚಿನ ಮೇಲೆ ಕೂತು ಕೋಲಿಗೆ ಕಪ್ಪು ಟೇಪು ಸುತ್ತುತ್ತಿದ್ದ. ಅವರ ತಂಡದ ಡಾಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಅವರ ಹತ್ತಿರ ಹೋಗಿ, ನಿನ್ನೆ ಐಸಿಗೆ ತೇಪೆ ಹಾಕಿದವನು ನಾನೇ, ಪಕ್ ಎಗರಿದ್ದು ಅದರ ಮೇಲೆಯೋ ಎಂದು ತಿಳಿಯಬೇಕಿತ್ತು ಎಂದೆ. ಅವರು ತಮ್ಮ ಭಾಷೆಯಲ್ಲಿ ಕೇಳಿದರು. ಗೋಲ್‌ಕೀಪರ್ ಟೇಪು ಸುತ್ತುವುದನ್ನು ನಿಲ್ಲಿಸದೆ ಏನೋ ಹೇಳಿದ.

"ತೇಪೆಯ ಮೇಲಲ್ಲವಂತೆ. ತೇಪೆ ಚೆನ್ನಾಗಿತ್ತಂತೆ. ಎಗರಿದ್ದು ಅದಕ್ಕಿಂತ ಒಂದು ಮಾರು ಆಚೆ, ಅಲ್ಲಿ ಐಸ್ ಮೆತ್ತಗಿತ್ತಂತೆ" ಎಂದರು ಡಾಕ್ಟರು.

ಅಲ್ಲಿಗೆ ಥ್ಯಾಂಕ್ಸ್ ಹೇಳಿ ಹೊರಡಬಹುದಿತ್ತು. ಡಾಕ್ಟರಿಗೂ ಮಾತು ಮುಗಿದ ಹಾಗೆಯೇ ಇತ್ತು. ಆದರೆ ಕಾಲು ಏಳಲಿಲ್ಲ.

"ಹಾಗಾದರೂ ನನ್ನದೇ ತಪ್ಪು. ಐಸ್ ಮೆತ್ತಗಾದದ್ದು ಯಂತ್ರ ನಿಂತದ್ದರಿಂದ. ಬೆಳಿಗ್ಗೆ ನಾನು ಮೇಲೆ ಹೋಗಿ ನೀರು ನೋಡಬೇಕಿತ್ತು, ನೋಡಲಿಲ್ಲ" ಎಂದೆ.

ಡಾಕ್ಟರು ನನ್ನ ಮುಖ ನೋಡಿ, ಇದನ್ನು ಹೇಳಲೋ ಬೇಡವೋ ಎಂಬಂತೆ ಸ್ವಲ್ಪ ತಡೆದು, ಕೊನೆಗೆ ಹೇಳಿದರು. ಗೋಲ್‌ಕೀಪರನ ಕೈ ನಿಂತಿತು. ಟೇಪನ್ನು ಹಲ್ಲಿನಿಂದ ಕಡಿದು, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ. ಆಮೇಲೆ ಅವನೇ ನನ್ನ ಕಡೆ ನೋಡಿ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದ. "ಚೆಕ್‌ನವರಿಗೂ ಅದೇ ಐಸ್ ಇತ್ತು, ನಮಗೂ ಅದೇ ಐಸ್. ನಾನು ಕಾಲು ತಡವಾಗಿ ಇಟ್ಟೆ." ಅಷ್ಟು ಹೇಳಿ, "ಇವತ್ತು?" ಎಂದು ಕೇಳಿದ.

"ಇವತ್ತು ಆಗಲೇ ಎರಡು ಸಲ ಹೋಗಿ ಬಂದೆ."

"ಗುಡ್" ಎಂದ. ನಗಲಿಲ್ಲ. ಕೋಲು ಎತ್ತಿಕೊಂಡು ಒಳಗೆ ಹೋದ.

ಮೇಲ್ವಿಚಾರಕನಿಗೂ ಹೇಳಿಬಿಡೋಣ ಎಂದು ಹೋದೆ. ಅವನು ಬಂಡಿಯ ಅಲಗು ಬದಲಾಯಿಸುತ್ತಿದ್ದ. ನಾನು ಬಾಯಿ ತೆರೆಯುವ ಮುಂಚೆಯೇ, "ಪುಸ್ತಕದಲ್ಲಿ ಶನಿವಾರ ಬೆಳಗಿನ ಸಾಲು ಖಾಲಿ ಇದೆ. ನಿನ್ನೆಯೇ ನೋಡಿದೆ" ಎಂದ.

"ಮತ್ತೆ ಯಾಕೆ ಏನೂ ಹೇಳಲಿಲ್ಲ?"

"ಆಟಕ್ಕೆ ಮುಂಚೆ ನೋಡಿದ್ದರೆ ಹೇಳುತ್ತಿದ್ದೆ. ಆ ಪುಸ್ತಕ ನೋಡುವುದು ನನ್ನ ಕೆಲಸ. ಈ ತುದಿ ಹಿಡಿದುಕೋ."

ಅಲಗಿನ ತುದಿ ಹಿಡಿದುಕೊಂಡೆ. ಆ ವಿಷಯ ಮತ್ತೆ ಬರಲಿಲ್ಲ.

ಮಧ್ಯಾಹ್ನ ಮೂರನೇ ಸ್ಥಾನಕ್ಕೆ ಫಿನ್ಲೆಂಡಿಗೂ ಅಮೆರಿಕಕ್ಕೂ ಆಟ. ಬಂಡಿ ನಿಲ್ಲಿಸುವ ಗೇಟಿನ ಬಳಿಯಿಂದ ನೋಡಿದೆ. ಫಿನ್ಲೆಂಡಿನ ಗೋಲಿನಲ್ಲಿ ಬೇರೊಬ್ಬ ಹುಡುಗ ನಿಂತಿದ್ದ. ನಮ್ಮ ಗೋಲ್‌ಕೀಪರ್ ಆಟಗಾರರ ಬೆಂಚಿನ ತುದಿಯಲ್ಲಿ, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಐಸಿನಿಂದ ಬರುವವರಿಗೆ ಬೆಂಚಿನ ಪುಟ್ಟ ಬಾಗಿಲು ತೆರೆಯುವುದು, ಹೋದ ಮೇಲೆ ಮುಚ್ಚುವುದು ಆ ದಿನ ಅವನ ಕೆಲಸ. ಒಂದು ಸಲವೂ ತಡ ಮಾಡಲಿಲ್ಲ. ಒಳಗೆ ಬಂದವರ ಬೆನ್ನು ತಟ್ಟುತ್ತಿದ್ದ. ನಿನ್ನೆ ಆಡಿದವನನ್ನು ಇವತ್ತು ಕೂರಿಸುವುದು ಅವರಲ್ಲಿ ವಾಡಿಕೆಯೋ, ಆ ಗೋಲಿನ ಕಾರಣಕ್ಕೋ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ. ಫಿನ್ಲೆಂಡ್ ಸುಲಭವಾಗಿ ಗೆದ್ದಿತು.

ಹೆಂಡತಿ, ಮಗಳು ಆ ಆಟ ಮುಗಿಸಿಕೊಂಡು ಹೊರಟರು, ಮರುದಿನ ಸ್ಕೂಲಿತ್ತು. ಚೆಕ್‌ಗೂ ಸ್ವೀಡನ್ನಿಗೂ ನಡೆದ ಫೈನಲ್ ನಾನು ನೋಡಲೇ ಇಲ್ಲ. ಯಂತ್ರದ ಕೋಣೆಯಲ್ಲೇ ಇದ್ದೆ, ಪ್ರತಿ ಬಿಡುವಿನಲ್ಲೂ ಛಾವಣಿಗೆ ಹೋಗಿ ಬರುತ್ತಿದ್ದೆ. ತಲೆಯ ಮೇಲಿಂದ ಜನರ ಕೂಗು ಏಳುತ್ತಿತ್ತು, ಇಳಿಯುತ್ತಿತ್ತು. ಕಂಪ್ರೆಸರ್ ಒಂದೇ ಸಮನೆ ಓಡಿತು. ಚೆಕ್‌ನವರು ಗೆದ್ದದ್ದು ಮರುದಿನ ಪೇಪರಿನಿಂದ ತಿಳಿಯಿತು.

ಸೋಮವಾರ ಬೆಳಿಗ್ಗೆ ಸ್ಟೇಡಿಯಮ್ಮನ್ನು ಬೇರೊಂದು ಕಾರ್ಯಕ್ರಮಕ್ಕೆ ಸಿದ್ಧ ಮಾಡಬೇಕಿತ್ತು. ಯಂತ್ರ ನಿಲ್ಲಿಸಿ, ಪೈಪುಗಳಿಗೆ ಬೆಚ್ಚಗಿನ ಉಪ್ಪುನೀರು ಬಿಟ್ಟೆವು. ಒಂದೆರಡು ಗಂಟೆಯಲ್ಲಿ ಐಸ್ ನೆಲ ಬಿಟ್ಟು ಸಡಿಲವಾಯಿತು. ಸಣ್ಣ ಟ್ರ್ಯಾಕ್ಟರ್ ಅದನ್ನು ಹಲಗೆ ಹಲಗೆಯಾಗಿ ಎಬ್ಬಿಸಿ ಹಿಂಬಾಗಿಲಿನಿಂದ ಹೊರಗೆ ನೂಕಿತು. ಗಾಳಿ ನಿಂತಿತ್ತು. ಪಾರ್ಕಿಂಗ್ ಜಾಗದಲ್ಲಿ ಆಳೆತ್ತರದ ಐಸಿನ ರಾಶಿ, ಅದರ ತುಂಡುಗಳಲ್ಲಿ ಅಲ್ಲಲ್ಲಿ ಆಟದ ಅಂಕಣದ ಕೆಂಪು ಗೆರೆ, ನೀಲಿ ಗೆರೆ. ಮೇಲ್ವಿಚಾರಕ ಕೈಗವಸು ತೆಗೆದು ನನ್ನ ಕೈ ಕುಲುಕಿ ಒಳಗೆ ಹೋದ. ಎರಡು ಜೊತೆ ಬಟ್ಟೆಯ ಚೀಲವನ್ನು ಹಿಂದಿನ ಸೀಟಿಗೆ ಹಾಕಿ ನಾನು ಕಾರು ಹತ್ತಿದೆ. ರಾಶಿಯಿಂದ ಇಳಿದ ನೀರು ಆಗಲೇ ಇಳಿಜಾರಿನಲ್ಲಿ ಹರಿದು ರಸ್ತೆಯ ಅಂಚಿಗೆ ಬಂದಿತ್ತು.